ಮಾತಿಟ್ಟ ಬಂಡೆ

ಎಮ್ಮೆಪಾಳ್ಯದ ಕೆರೆ ಏರಿಯ ಮೇಲೆ ನಿಂತು ಪಡುವಣಕ್ಕೆ ತಲೆಯೆತ್ತಿದರೆ ಕಣಗಲ ಬೆಟ್ಟದ ನೆತ್ತಿಯಲ್ಲಿ ಒಂದು ಬೋಳು ಬಂಡೆ ಕಾಣುತ್ತದೆ. ಹತ್ತಿ ಹೋಗಲು ಕಾಲುದಾರಿಯಿದೆ. ದಾರಿಯ ಬುಡದಲ್ಲಿ ಈಚೆಗೆ ಯಾರೋ ಹಸಿರು ಬಣ್ಣದ ಹಲಗೆ ನೆಟ್ಟು ‘ಸೂರ್ಯಾಸ್ತ ವೀಕ್ಷಣಾ ಸ್ಥಳ’ ಎಂದು ಬರೆಸಿದ್ದಾರೆ. ಬಣ್ಣ ಮಿಕ್ಕಿತ್ತೋ ಏನೋ, ಕೆಳಗೊಂದು ಸೂರ್ಯನನ್ನೂ ಬಿಡಿಸಿದ್ದಾರೆ. ಸೂರ್ಯ ಎಲ್ಲಿ ನಿಂತರೂ ಮುಳುಗುತ್ತಾನೆ, ಅದಕ್ಕೆ ಇಷ್ಟು ದೂರ ಏದುಸಿರು ಬಿಡುತ್ತ ಬರಬೇಕಾಗಿಲ್ಲ. ಬೆಟ್ಟದ ಸೋಲಿಗರೂ ಬಯಲಿನ ಪಾಳ್ಯದವರೂ ಅದನ್ನು ಕರೆಯುವುದು ಮಾತಿಟ್ಟ ಬಂಡೆ ಎಂದು. ಬಂಡೆಯ ನೆತ್ತಿಯಲ್ಲಿ ಆಳು ಕೂರುವಷ್ಟು ಒಂದು ತಗ್ಗಿದೆ, ಬುಡದಲ್ಲಿ ಒಂದು ಮುದಿ ಅತ್ತಿಮರ. ಆ ತಗ್ಗಿನ ಪಕ್ಕದಲ್ಲಿ ಪುಟ್ಟ ಪುಟ್ಟ ಕಲ್ಲುಗಳ ಅಡಿಗೆ ಒಣಗಿದ ಎಲೆಗಳಿರುತ್ತವೆ. ಬಂದವರು ಕಸವೆಂದು ತಿಳಿದು ಗುಡಿಸಲು ಹೋದರೆ ಕಾವಲಿನವನು ಬೈಯುತ್ತಾನೆ. ಬೈಯುವುದು ಸರಿ ಎಂದೇ ನನ್ನ ಅಭಿಪ್ರಾಯ. ಯಾಕೆಂಬುದನ್ನು ನಾನು ಕೇಳಿದಂತೆ ಹೇಳುತ್ತೇನೆ.

ಹಿಂದೆ ಒಮ್ಮೆ, ಬೆಟ್ಟಕ್ಕೆ ಗಾಡಿದಾರಿಯೂ ಇಲ್ಲದ ಕಾಲದಲ್ಲಿ, ಈ ಬಂಡೆಯ ಕೆಳಗೆ ಅತ್ತಿಗುಳಿ ಎಂಬ ಸೋಲಿಗರ ಪೋಡು ಇತ್ತು. ಪೋಡು ಎಂದರೆ ಅವರ ಹಟ್ಟಿ. ಬಿದಿರ ಗೋಡೆ, ಹುಲ್ಲ ಮಾಡು, ಹಿತ್ತಿಲಲ್ಲಿ ರಾಗಿ, ಅವರೆ. ಅಲ್ಲಿಯ ಯಜಮಾನ ಬೇದಜ್ಜ. ಆತನ ಗಂಟಲು ಎಂಥದೆಂದರೆ, ಬಂಡೆಯ ಮೇಲೆ ನಿಂತು ಕೂಗಿದರೆ ಕೆರೆಯಲ್ಲಿ ನೀರು ಕುಡಿಯುವ ಎಮ್ಮೆ ತಲೆಯೆತ್ತುತ್ತಿತ್ತು ಎನ್ನುತ್ತಾರೆ. ಎಮ್ಮೆಯ ಮಾತು ಹೇಗೋ ಗೊತ್ತಿಲ್ಲ, ಮನುಷ್ಯರಂತೂ ಆ ದನಿಗೆ ಒಗ್ಗಿಹೋಗಿದ್ದರು. ಯಾವ ಹೆಜ್ಜೇನು ಕೀಳಬೇಕು, ಯಾವ ಮರದ್ದು ಬಿಡಬೇಕು, ಬಿತ್ತನೆ ಯಾವಾಗ, ಕಾಯಿಲೆ ಬಿದ್ದವರಿಗೆ ಯಾವ ಬೇರು, ಎಲ್ಲವೂ ಅವನ ಬಾಯಿಂದಲೇ ಬರಬೇಕು. ಎರಡು ತಲೆಮಾರಿನ ಜನ ಆ ಬಾಯಿಯನ್ನು ನೋಡುತ್ತಲೇ ದೊಡ್ಡವರಾದರು. ಬೇದಜ್ಜನಿಗೆ ಇದು ಹೆಮ್ಮೆಯಾಗಿರಲಿಲ್ಲ, ಒಳಗೊಳಗೇ ಭಯವಾಗಿತ್ತು. ಮೊಣಕಾಲು ಊದಿ ಪೋಡಿನ ಹಿಂದಿನ ಕೊರಕಲಿಗೆ ಇಳಿಯುವುದನ್ನೇ ಅವನು ಬಿಟ್ಟು ಎರಡು ಮಳೆಗಾಲ ಕಳೆದಿತ್ತು. ತಾನು ಕಣ್ಣು ಮುಚ್ಚಿದ ಮರುದಿನ ಇವರು ಯಾರ ಬಾಯಿ ನೋಡುತ್ತಾರೆ ಎಂದು ಹೆಂಡತಿ ಮಸಣಿಯ ಹತ್ತಿರ ಆಗಾಗ ಕೇಳುತ್ತಿದ್ದ.

ಅವರಲ್ಲಿ ಯಜಮಾನಿಕೆ ಮಗನಿಗೇ ಹೋಗಬೇಕೆಂಬ ಕಟ್ಟಳೆಯಿಲ್ಲ. ಹಿರಿಯನು ತನಗೆ ತೋರಿದವರನ್ನು ಜೊತೆಯಲ್ಲಿ ಕರೆದೊಯ್ದು, ಕಾಡು ತೋರಿಸಿ, ಜಗಳ ಬಿಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡು ಹದ ಮಾಡುತ್ತಾನೆ. ಹದ ಬಂದಿತೆನಿಸಿದ ಮೇಲೆ ಒಂದು ದಿನ ಗೊತ್ತುಮಾಡಿ ಎಲೆ ಕಚ್ಚುತ್ತಾನೆ. ಅಂದರೆ ಹೊತ್ತು ಹುಟ್ಟುವಾಗ ಬಂಡೆ ಹತ್ತಿ, ಆ ತಗ್ಗಿನಲ್ಲಿ ಕೂತು, ಅತ್ತಿ ಎಲೆಯೊಂದನ್ನು ಹಲ್ಲಿನ ನಡುವೆ ಹಿಡಿದರೆ ಹೊತ್ತು ಮುಳುಗುವವರೆಗೆ ಬಾಯಿ ಬಿಡುವಂತಿಲ್ಲ, ಕೈಸನ್ನೆಯನ್ನೂ ಮಾಡುವಂತಿಲ್ಲ. ಆ ದಿನ ಕೆಳಗೆ ಹಾವು ಬರಲಿ, ಆನೆ ಬರಲಿ, ತೀರ್ಮಾನ ಹೊಸಬರದ್ದು. ಎಲೆ ಬಾಯಿಂದ ಬಿದ್ದರೆ ಆ ಹೊಸಬರ ಕೆಲಸ ಅಲ್ಲಿಗೆ ಮುಗಿಯಿತು, ಮತ್ತೆಂದೂ ಯಜಮಾನಿಕೆ ಅವರ ಹತ್ತಿರ ಸುಳಿಯುವುದಿಲ್ಲ. ಹೊಸಬರಿಗಿಂತ ಹಳಬರಿಗೇ ಕಷ್ಟದ ಪರೀಕ್ಷೆ ಇದು. ಮಾತಾಡಿ ಪಳಗಿದವನಿಗೆ ಸುಮ್ಮನಿರು ಎನ್ನುವುದು ಉಪವಾಸಕ್ಕಿಂತ ಕಠಿಣ.

ಬೇದಜ್ಜ ಆರಿಸಿದ್ದು ತಂಗಿಯ ಮಗಳು ಕೇತಿಯನ್ನು. ಕಂಕುಳಲ್ಲಿ ಕೂಸಿದ್ದ ಹೆಂಗಸು. ಚಿಕ್ಕಂದಿನಿಂದಲೂ ಅವನು ಯಾವುದನ್ನೇ ತೀರ್ಮಾನಿಸುವ ಮೊದಲು ‘ನೀ ಏನಂದೀಯ?’ ಎಂದು ಅವಳನ್ನು ಕೇಳುತ್ತಿದ್ದ. ಅವಳು ತಪ್ಪು ಹೇಳಿದರೆ ನಗುತ್ತಿರಲಿಲ್ಲ, ಕಾಡಿಗೆ ಕರೆದುಕೊಂಡು ಹೋಗಿ ತಪ್ಪನ್ನು ತೋರಿಸುತ್ತಿದ್ದ. ಅವಳಿಗೆ ಕಣ್ಣು ಚುರುಕು, ಕಾಲು ಚುರುಕು. ದನಿ ಮಾತ್ರ ಮೆಲು. ಪೋಡಿನವರ ಆಕ್ಷೇಪ ಇದ್ದದ್ದು ಅಲ್ಲೇ. ಹೆಣ್ಣೆಂದು ಯಾರೂ ಗೊಣಗಲಿಲ್ಲ, ಒಲೆಯಾಚೆಗೆ ಕೇಳಿಸದ ದನಿ ಬೆಟ್ಟಕ್ಕೆ ಹೇಗೆ ಕೇಳಿಸೀತು ಎಂದು ಗೊಣಗಿದರು. ಆ ಅನುಮಾನ ಬೇದಜ್ಜನಿಗೂ ಇತ್ತು.

ಆ ವರ್ಷ ಇನ್ನೊಂದು ಸಂಗತಿ ನಡೆಯಿತು. ಚಳಿಗಾಲ ಕಳೆಯುವ ಮೊದಲು, ನೆಲದಲ್ಲಿ ಇಬ್ಬನಿಯ ಪಸೆ ಇರುವಾಗಲೇ ತರಗೆಲೆಗೆ ಸಣ್ಣ ಬೆಂಕಿ ಹಾಕಿ ಸುಟ್ಟುಬಿಡುವುದು ಸೋಲಿಗರ ಪದ್ಧತಿ. ಸಣ್ಣ ಬೆಂಕಿ ಉಂಡ ಕಾಡನ್ನು ದೊಡ್ಡ ಬೆಂಕಿ ಮುಟ್ಟುವುದಿಲ್ಲ ಎಂಬುದು ಅವರ ಗಾದೆಯಂಥ ಮಾತು. ಎಮ್ಮೆಪಾಳ್ಯದ ಪಟೇಲ ಮುದ್ದೇಗೌಡ ಬೆಟ್ಟ ಹತ್ತಿ ಬಂದು, ಪೋಡಿಗೂ ಪಾಳ್ಯಕ್ಕೂ ನಡುವಿನ ಮೂಡಲ ಇಳಿಜಾರನ್ನು ಆ ಸಲ ಸುಡಬೇಡವೆಂದು ಬೇಡಿಕೊಂಡ. ಎಮ್ಮೆಗಳಿಗೆ ಹುಲ್ಲು ಬೇಕಾಗಿತ್ತು. ಹೊಟ್ಟೆಯ ವಿಷಯ, ಅದೂ ಮೂಕಪ್ರಾಣಿಯ ಹೊಟ್ಟೆ. ಬೇದಜ್ಜ ಮಾತು ಕೊಟ್ಟ. ಆಮೇಲೆ ಕೇತಿ ಅವನ ಬಳಿ ಕೂತು ಮೆಲ್ಲಗೆ ಹೇಳಿದಳಂತೆ:

“ಮಾವ, ಮೂಡ್ಲ ಮಗ್ಗುಲಲ್ಲಿ ತರಗು ಮೊಣಕಾಲುದ್ದ ಬಿದ್ದದ. ಒಂದ್ ಪಟ್ಟಿನಾದ್ರೂ ಸುಟ್ಬುಡವ.”

“ಕೊಟ್ಟ ಮಾತ ನುಂಗಕ್ಕಾದ್ದಾ? ಈ ವರ್ಸ ಹೋಗ್ಲಿ ಬುಡು.”

ಯಜಮಾನನ ಮಾತೆಂದರೆ ಕಲ್ಲಿನ ಮೇಲಿನ ಗೆರೆ. ಕೇತಿ ಮತ್ತೆ ಕೇಳಲಿಲ್ಲ. ಚಳಿ ಹೋಯಿತು, ಇಬ್ಬನಿ ಹೋಯಿತು, ಇಳಿಜಾರಿನ ಹುಲ್ಲು ಹಳದಿಯಾಗಿ ಸೊಂಟದೆತ್ತರ ನಿಂತಿತು. ಶಿವರಾತ್ರಿ ಕಳೆದ ಮೇಲೆ ಬೇದಜ್ಜ ಎಲೆ ಕಚ್ಚುವ ದಿನ ಗೊತ್ತುಮಾಡಿದ. ಅಂದು ಬೆಳಗ್ಗೆ ಮಸಣಿ ಬಿದಿರಕ್ಕಿಯ ಗಂಜಿ ಕಾಸಿಕೊಟ್ಟಳು. ಆ ವರ್ಷ ಕೊರಕಲಿನ ಬಿದಿರು ಹೂಬಿಟ್ಟು ಅಕ್ಕಿ ಉದುರಿಸಿತ್ತು, ಪೋಡಿನ ಹೆಂಗಸರು ಕೇತಿಯ ಜೊತೆ ಇಳಿದು ಮೊರ ತುಂಬ ಗುಡಿಸಿ ತಂದಿದ್ದರು. ಅಜ್ಜ ಗಂಜಿಯನ್ನು ಚಪ್ಪರಿಸಿ ಕುಡಿದು, ಕೋಲೂರಿ ಬಂಡೆ ಹತ್ತಿ, ಎಲೆ ಕಚ್ಚಿ ಕೂತ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಬಡಗಣ ಮೂಲೆಯಲ್ಲಿ ಹೊಗೆ ಎದ್ದಿತು. ದನ ಕಾಯುವವರು ಯಾರೋ ಒಲೆ ಹೂಡಿ ಕೆಂಡ ಆರಿಸದೆ ಹೋಗಿದ್ದರು. ಗಾಳಿ ಬಡಗಣದಿಂದ ಬೀಸುತ್ತಿತ್ತು. ಮೊದಲು ಕಂಡದ್ದು ಬಂಡೆಯ ಮೇಲೆ ಕೂತ ಬೇದಜ್ಜನಿಗೇ. ಬೆಂಕಿ ಹುಲ್ಲಿನ ಇಳಿಜಾರಿಗೆ ಇಳಿದರೆ ಮೇಲೆ ಪೋಡು, ಕೆಳಗೆ ಪಾಳ್ಯ, ಎರಡೂ ಅದರ ಬಾಯಿಗೇ. ಅವನ ಗಂಟಲಲ್ಲಿ ಮಾತು ಉಕ್ಕಿ ಬಂತು. ಎಲ್ಲರೂ ಕೊರಕಲಿಗೆ ಇಳಿಯಿರಿ ಎಂಬ ಒಂದೇ ಮಾತು. ಅವನಪ್ಪ ಹಾಗೆ ಇಳಿಸಿದ್ದ, ಅಪ್ಪನ ಅಪ್ಪ ಹಾಗೆ ಇಳಿಸಿದ್ದ. ಕೊರಕಲಲ್ಲಿ ಹಳ್ಳವಿದೆ, ನೆರಳಿದೆ, ಯಾವ ಬೆಂಕಿಯೂ ಅಲ್ಲಿಗೆ ಇಳಿದದ್ದಿಲ್ಲ. ಬಾಯಿ ತೆರೆದರೆ ಪೋಡು ಉಳಿಯುತ್ತದೆ, ಕೇತಿಯ ಯಜಮಾನಿಕೆ ಹೋಗುತ್ತದೆ. ಅವನು ಹಲ್ಲು ಬಿಗಿದ.

ಕೆಳಗೆ ಜನ ಗುಡಿಸಲುಗಳಿಂದ ಹೊರಬಂದು ಹೊಗೆಯನ್ನು ನೋಡಿದರು, ಆಮೇಲೆ ಅಭ್ಯಾಸಬಲದಿಂದ ಎಲ್ಲರೂ ಬಂಡೆಯನ್ನು ನೋಡಿದರು. ಬಂಡೆ ಮಾತಾಡಲಿಲ್ಲ. ಕೆಲವರು ಕೂಸುಗಳನ್ನು ಎತ್ತಿಕೊಂಡು ಕೊರಕಲ ಕಡೆಗೆ ಆಗಲೇ ಕಾಲು ಹಾಕಿದ್ದರು. ಕೇತಿ ಓಡಿಹೋಗಿ ಆ ದಾರಿಗೆ ಅಡ್ಡ ನಿಂತಳು. ತನ್ನ ಕೂಸನ್ನು ಮಸಣಿಯ ಕೈಗೆ ಕೊಟ್ಟು, ಹತ್ತಿರ ನಿಂತವನಿಗೆ ಹೇಳಿದಳು:

“ಕೊರಕಲು ಬ್ಯಾಡ. ಬಂಡ ಬುಡದಿಂದ ಕೆರೆಗಂಟ ಸಾಲಾಗಿ ನಿಲ್ಲವ. ಸಾಲಿನ ಮುಂದ್ಲ ಹುಲ್ಲ ನಾವೇ ಸುಡವ. ನಿನ್ನ ಪಕ್ಕದವನ್ಗ ಹೇಳು, ಅವ ಅವನ ಪಕ್ಕದವನ್ಗ ಹೇಳ್ಲಿ.”

ಕೂಗಲು ಅವಳಿಗೆ ಬರುತ್ತಿರಲಿಲ್ಲ, ಕೂಗಲೂ ಇಲ್ಲ. ಮಾತು ಬಾಯಿಂದ ಬಾಯಿಗೆ ಇಳಿಯಿತು. ಒಬ್ಬನ ದನಿ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರಕ್ಕೆ ಒಬ್ಬೊಬ್ಬರು ಹಸಿ ಸೊಪ್ಪಿನ ಕೊಂಬೆ ಹಿಡಿದು ನಿಂತರು. ಮುಂದಿನ ಹುಲ್ಲಿಗೆ ಕಿಡಿ ಹಾಕಿ, ತಮ್ಮ ಕಡೆಗೆ ನಾಲಗೆ ಚಾಚಿದ ಉರಿಯನ್ನು ಸೊಪ್ಪಿನಿಂದ ಬಡಿದು ಆರಿಸಬೇಕು. ಹಾಗೆ ಮಾಡಿದರೆ ಬೆಂಕಿ ಗಾಳಿಗೆ ಎದುರಾಗಿ ಹಿಂದಕ್ಕೆ ತಿನ್ನುತ್ತ ಹೋಗುತ್ತದೆ, ದೊಡ್ಡ ಬೆಂಕಿ ಬರುವಷ್ಟರಲ್ಲಿ ಅದಕ್ಕೆ ಅಲ್ಲಿ ತಿನ್ನಲು ಏನೂ ಇರುವುದಿಲ್ಲ. ಆದರೆ ಪೋಡಿನ ಜನರ ಸಾಲು ಇಳಿಜಾರಿನ ಅರ್ಧಕ್ಕೇ ಮುಗಿದುಹೋಯಿತು. ಉಳಿದರ್ಧಕ್ಕೆ ಪಾಳ್ಯದವರು ಬೇಕಾಗಿತ್ತು.

ಪಾಳ್ಯದವರು ಕೋಲು ಹಿಡಿದು ಮೇಲೆ ಬಂದದ್ದು ಬೇರೆಯೇ ಕಾರಣಕ್ಕೆ. ಬೆಟ್ಟದವರು ಮಾತು ಮುರಿದು ತಮ್ಮ ಹುಲ್ಲು ಸುಡುತ್ತಿದ್ದಾರೆಂದು ಅವರು ತಿಳಿದಿದ್ದರು. ಮುದ್ದೇಗೌಡ ಯಾರ ಮಾತನ್ನೂ ಕೇಳಿಸಿಕೊಳ್ಳದೆ ನೇರವಾಗಿ ಬಂಡೆ ಹತ್ತಿ ಬೇದಜ್ಜನ ಎರಡೂ ತೋಳು ಹಿಡಿದು ಅಲುಗಿಸಿದ.

“ಯಜಮಾನ, ನೀ ಮಾತು ಕೊಟ್ಟಿದ್ದೆ. ನಿನ್ನ ಜನ ನನ್ನ ಎಮ್ಮೆ ಮ್ಯಾವು ಸುಡ್ತಾವ್ರೆ. ನಿಲ್ಸು ಅನ್ನು. ಒಂದ್ಸಲ ಕೂಗು ಸಾಕು.”

ಅಜ್ಜ ಅವನ ಮುಖವನ್ನೊಮ್ಮೆ ನೋಡಿ, ಕಣ್ಣನ್ನು ಮತ್ತೆ ಬೆಂಕಿಯ ಕಡೆ ನೆಟ್ಟ. ತನ್ನ ಬಾಳಿನಲ್ಲಿ ಮುರಿಯದ ಮಾತು ಕಣ್ಣೆದುರಿಗೇ ಸುಡುತ್ತಿತ್ತು, ಸುಡುತ್ತಿದ್ದವಳು ತಾನೇ ಬೆಳೆಸಿದ ಹುಡುಗಿ. ಅವಳು ಮಾಡುತ್ತಿರುವುದು ತಪ್ಪೆಂದೇ ಅವನಿಗೆ ಅನ್ನಿಸಿತ್ತು. ಎಲೆಯ ತೊಟ್ಟು ಅವನ ತುಟಿಯಲ್ಲಿ ನಡುಗಿತು. ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಹನಿಯಿತು, ಬಾಯಿ ಮಾತ್ರ ತೆರೆಯಲಿಲ್ಲ. ಸಿಟ್ಟಿನಿಂದ ಹತ್ತಿದ್ದ ಮುದ್ದೇಗೌಡನಿಗೆ ಆ ಮುಖ ಕಂಡು ಕೈ ಸಡಿಲವಾಯಿತು. ಇಷ್ಟು ಹೊತ್ತು ಅವನು ಬಡಗಣ ದಿಕ್ಕನ್ನು ನೋಡಿಯೇ ಇರಲಿಲ್ಲ. ಅಜ್ಜನ ಕಣ್ಣು ನೆಟ್ಟಿದ್ದ ಕಡೆಗೆ ತಿರುಗಿ ನೋಡಿದ. ಮರದೆತ್ತರದ ಉರಿ ಇಳಿಜಾರಿನ ಅಂಚಿಗೆ ಬಂದಿತ್ತು, ಅದರ ದಾರಿಯಲ್ಲಿ ಅವನದೇ ದೊಡ್ಡಿಯಿತ್ತು. ಅವನು ಬಂಡೆ ಇಳಿದದ್ದು ಹತ್ತಿದ್ದಕ್ಕಿಂತ ಬೇಗ. ಸಾಲು ಮುಗಿದ ಕಡೆ ಕೇತಿ ಒಬ್ಬಳೇ ಸೊಪ್ಪು ಬಡಿಯುತ್ತಿದ್ದಳು. ಅವಳ ಪಕ್ಕ ಹೋಗಿ ನಿಂತು, ಪಟೇಲ ಒಂದು ಕೊಂಬೆ ಮುರಿದುಕೊಂಡ.

“ಏನ ಮಾಡ್ಬೇಕು ಹೇಳವ್ವ.”

ಅವಳು ಹೇಳಿದಳು. ಅವನು ಪಕ್ಕದವನಿಗೆ ಹೇಳಿದ. ಪಾಳ್ಯದ ಗಂಡಸರು, ಹೆಂಗಸರು, ಒಲೆಯ ಮುಂದಿದ್ದ ಮುದುಕಿಯರು ಕೂಡ ಸಾಲಿಗೆ ಸೇರಿ ಕೆರೆಯ ನೀರಿನವರೆಗೆ ನಿಂತರು. ಬೆಟ್ಟದವರ ಪಕ್ಕ ಕೂರಲು ಹಿಂದೆಮುಂದೆ ನೋಡುತ್ತಿದ್ದವರಿಗೆ ಅಂದು ಪಕ್ಕದವರ ಬಾಯಿಯೇ ದಿಕ್ಕಾಯಿತು. ದೊಡ್ಡ ಬೆಂಕಿ ಬಂತು. ಅದರ ಸದ್ದಿಗೆ ಬೇದಜ್ಜನ ಗಂಟಲು ಕೂಡ ಕೇಳಿಸುತ್ತಿರಲಿಲ್ಲ ಎನ್ನುತ್ತಾರೆ, ಬಾಯಿಂದ ಕಿವಿಗೆ ಹೇಳಿದ ಮಾತು ಮಾತ್ರ ತಲುಪುತ್ತಿತ್ತು. ಕರಕಲು ಪಟ್ಟಿಯ ಹತ್ತಿರ ಬಂದು ಉರಿ ತಡವರಿಸಿತು, ಅಲ್ಲಲ್ಲಿ ದಾಟಲು ನೋಡಿ ಸೊಪ್ಪಿನ ಏಟು ತಿಂದಿತು, ಕೊನೆಗೆ ಕುಗ್ಗಿ ಕೂತಿತು. ಮೇಲಿನ ತುದಿಯಲ್ಲಿ ಮಾತ್ರ ಅದು ಬೆಟ್ಟದ ಏಣು ದಾಟಿ ಹಿಂದಿನ ಕೊರಕಲಿಗೆ ಬಿತ್ತು. ಬಿದ್ದ ಕ್ಷಣದಲ್ಲೇ ಕೊರಕಲೆಲ್ಲ ಒಂದೇ ಒಲೆಯಾಗಿ ಹೊತ್ತಿಕೊಂಡಿತು. ಬಿದಿರ ಗಣ್ಣುಗಳು ಒಡೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಬಂಡೆಯ ಮೇಲಿಂದ ಬೇದಜ್ಜ ಅದನ್ನೂ ನೋಡಿದ.

ಹೊತ್ತು ಮುಳುಗಿತು. ಅಜ್ಜ ಬಾಯಿಂದ ಎಲೆ ತೆಗೆದ. ಹಲ್ಲು ಎಲೆಯನ್ನು ತೂರಿ ತುಟಿಗೆ ನಾಟಿತ್ತು, ಎಲೆಗೆ ರಕ್ತ ಮೆತ್ತಿತ್ತು. ಅದನ್ನು ತಗ್ಗಿನ ಪಕ್ಕದಲ್ಲಿಟ್ಟು ಮೇಲೊಂದು ಕಲ್ಲಿಟ್ಟ. ಹುಬ್ಬು ಸುಟ್ಟುಕೊಂಡು, ಮುಖವೆಲ್ಲ ಮಸಿಯಾಗಿ ಕೇತಿ ಮೇಲೆ ಬಂದು ಅವನ ಕಾಲ ಬಳಿ ಕೂತಳು. ಮಾತು ಮುರಿದದ್ದಕ್ಕೆ ಬೈಗುಳ ಬೀಳುತ್ತದೆಂದು ಕಾದಿದ್ದಳು. ಅದು ಬಾರದ್ದು ಕಂಡು ತಾನೇ ಕೇಳಿದಳು:

“ನೀ ಆಗಿದ್ರ ಏನ ಮಾಡ್ತಿದ್ದೆ ಮಾವ?”

ಬೇದಜ್ಜ ಹೊಗೆಯಾಡುತ್ತಿದ್ದ ಕೊರಕಲ ಕಡೆ ಮುಖ ಮಾಡಿದ.

“ನಾ ಎಲ್ಲಾರ್ನೂ ಅಲ್ಲಿಗ ಇಳ್ಸ್ತಿದ್ದಿ. ಬಿದಿರು ಅಕ್ಕಿ ಬುಟ್ಮೇಲ ಸಾಯ್ತದ ಅಂತ ನಿಂಗ ಹೇಳ್ಕೊಟ್ಟವ ನಾನೇಯ. ಬೆಳಗ್ಗ ಅದ್ರ ಗಂಜಿನೂ ನಾ ಕುಡ್ದಿ. ಕೊರಕಲು ಪೂರಾ ಒಣ್ಗಿ ನಿಂತದ ಅನ್ನೋದು ಮಾತ್ರ ತಲೆಗ ಬರ್ನಿಲ್ಲ.”

ಯಜಮಾನನಾಗಿ ಅವನಾಡಿದ ಕೊನೆಯ ಮಾತು ಅದು. ಆಮೇಲೆ ಅವನು ಬದುಕಿದಷ್ಟು ಕಾಲ ಮಕ್ಕಳಿಗೆ ಕಥೆ ಹೇಳಿದ, ಹಾಡು ಹೇಳಿದ, ಮಸಣಿಯೊಡನೆ ಜಗಳವಾಡಿದ. ತೀರ್ಮಾನ ಕೇಳಲು ಬಂದವರಿಗೆ ಮಾತ್ರ ನನ್ನ ಮಾತು ಬಂಡೆಯ ಮೇಲಿದೆ, ಕೇತಿಯನ್ನು ಕೇಳಿ ಎನ್ನುತ್ತಿದ್ದ. ಬಂಡೆಗೆ ಹೆಸರು ಬಂದದ್ದು ಹಾಗೆ. ಆ ವರ್ಷ ಪಾಳ್ಯದ ಎಮ್ಮೆಗಳು ಪೋಡಿನವರು ಕಾಡಿನಿಂದ ಕಡಿದು ತಂದ ಸೊಪ್ಪು ತಿಂದು ಬದುಕಿದವು. ಅಜ್ಜನ ಮಾತನ್ನು ಕೇತಿ ತೀರಿಸಿದ್ದು ಹಾಗೆ.

ಅಂದಿನಿಂದ ಎಲೆ ಕಚ್ಚುವುದು ಎರಡೂ ಊರಿನ ಪದ್ಧತಿಯಾಯಿತು. ಮುದ್ದೇಗೌಡನೂ ಮುದಿಯಾದಾಗ ಬಂಡೆ ಹತ್ತಿ ಕೂತನಂತೆ. ಈಗಲೂ ಪೋಡಿನ ಯಜಮಾನಿಕೆ ಬದಲಾದರೆ, ಪಾಳ್ಯದ ಹಾಲಿನ ಡೈರಿಗೆ ಹೊಸ ಅಧ್ಯಕ್ಷರು ಬಂದರೆ, ಹಳಬರು ಬೆಳಗ್ಗೆ ಮೇಲೆ ಹೋಗುತ್ತಾರೆ, ಸಂಜೆ ಅತ್ತಿಮರದ ಕೆಳಗೆ ಎರಡೂ ಕಡೆಯವರಿಗೆ ರಾಗಿಮುದ್ದೆಯ ಊಟ, ಜೇನು. ಕೆಲವು ಮಾಜಿ ಅಧ್ಯಕ್ಷರು ಮಧ್ಯಾಹ್ನಕ್ಕೇ ಎಲೆ ಉಗುಳಿ ಇಳಿದುಬಂದದ್ದೂ ಉಂಟು, ಅವರ ಹೆಸರು ಇಲ್ಲಿ ಬೇಡ. ನೀವು ಹೋದಾಗ ಸೂರ್ಯ ಮುಳುಗುವುದನ್ನು ಬೇಕಾದರೆ ನೋಡಿ. ಪಡುವಣ ಕೊರಕಲಲ್ಲಿ ಮತ್ತೆ ಬೆಳೆದು ನಿಂತ ಬಿದಿರು ಕಾಣುತ್ತದೆ. ಆಮೇಲೆ ಬಗ್ಗಿ, ಮುಟ್ಟದೆ, ಕಲ್ಲಿನ ಅಡಿಯ ಎಲೆಗಳನ್ನು ನೋಡಿ. ಹೆಚ್ಚಿನವುಗಳಲ್ಲಿ ಹಲ್ಲಿನ ಗುರುತು ತೆಳ್ಳಗಿರುತ್ತದೆ. ಅಲ್ಲೊಂದು ಇಲ್ಲೊಂದು ಎಲೆ ಪೂರ್ತಿ ತೂತಾಗಿರುತ್ತದೆ. ಆ ದಿನ ಕೆಳಗೆ ಏನೋ ನಡೆದಿದೆ, ಮೇಲೆ ಕೂತವರು ಸುಮ್ಮನಿದ್ದಾರೆ.