ಮದ್ದಲೇನಮ್ಮನ ಹೆಗಲು

ನಮ್ಮ ಜೋಜಪ್ಪನಪಾಳ್ಯದಿಂದ ಸ್ಮಶಾನಕ್ಕೆ ಹೋಗುವ ದಾರಿ ಒಂದು ರಾಗಿ ಹೊಲದ ನಡುವೆ ಹಾಯುತ್ತದೆ. ಹೊಲ ದಾಟಿದ ಮೇಲೆ ಏರು, ಏರಿನ ತುದಿಯಲ್ಲಿ ಚಾಪೆ ಹಾಸಿದಂತೆ ಒಂದು ಚಪ್ಪಟೆ ಬಂಡೆ. ಅದರ ಹೆಸರು ಮದ್ದಲೇನಮ್ಮನ ಹೆಗಲು. ಪೇಟೆಯಿಂದ ಬಂದವರು ಬಂಡೆಯ ಸುತ್ತ ತಿರುಗಿ, ಯಾವ ಕಡೆಯಿಂದ ನೋಡಿದರೆ ಹೆಗಲಿನ ಹಾಗೆ ಕಾಣುತ್ತದೆ ಎಂದು ಕೇಳುತ್ತಾರೆ. ಯಾವ ಕಡೆಯಿಂದಲೂ ಕಾಣುವುದಿಲ್ಲ. ಅಷ್ಟು ಹೇಳಿದರೆ ಅವರಿಗೆ ಸಮಾಧಾನವಾಗದು, ಆದ್ದರಿಂದ ಕೂರಿಸಿಕೊಂಡು ಪೂರ್ತಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹಿಂದೆ ಒಮ್ಮೆ ಆ ಹೊಲ ಸಂದ್ಯಾಗಪ್ಪ ಎಂಬವನದಾಗಿತ್ತು. ಭಾನುವಾರ ತಪ್ಪದೆ ದೇವಾಲಯಕ್ಕೆ ಬರುತ್ತಿದ್ದ ಕ್ರೈಸ್ತನೇ, ಆದರೆ ಊರಿನಲ್ಲಿ ಅವನ ಬಾಯಿಗೆ ಬೀಳದವರಿರಲಿಲ್ಲ. ಹೆಂಡತಿ ಬೇಗ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಯಾರದೋ ದನ ಬದುವಿಗೆ ಮೂತಿ ಇಟ್ಟರೆ ದನದ ಯಜಮಾನನ ವಂಶವನ್ನೆಲ್ಲ ಜಾಲಾಡುತ್ತಿದ್ದ. ಕೊನೆಗೆ ಸ್ಮಶಾನದ ದಾರಿಗೇ ಮುಳ್ಳುಬೇಲಿ ಹಾಕಿದ. ಅದೇ ಮಳೆಗಾಲದಲ್ಲಿ ಮದ್ದಲೇನಮ್ಮನ ಗಂಡ ಇನ್ನಾಸಪ್ಪ ಜ್ವರ ಬಂದು ಸತ್ತ. ಚಟ್ಟ ಹೊತ್ತವರು ಬೇಲಿಯ ಮುಂದೆ ನಿಂತು ಕೇಳಿದರು, ಕೈಮುಗಿದರು. ‘ರಾಗಿ ತೆನೆ ಕಟ್ಟೈತೆ, ತುಳೀಬೇಡಿ’ ಎಂದ ಸಂದ್ಯಾಗಪ್ಪ ಕದಲಲಿಲ್ಲ. ಗುಡ್ಡ ಬಳಸಿ ಹೋಗುವಾಗ ಕೊರಕಲಿನಲ್ಲಿ ಚಟ್ಟ ವಾಲಿತು, ಇನ್ನಾಸಪ್ಪನ ಹೆಣ ಜಾರಿ ಕೆಸರಿಗೆ ಬಿತ್ತು. ಮದ್ದಲೇನಮ್ಮ ಸೆರಗಿನಿಂದ ಗಂಡನ ಮುಖ ಒರೆಸಿದಳು.

ಆಮೇಲೆ ಅವಳಿಗೆ ದಿನದ ಜಪವಾದ ಪರಲೋಕ ಮಂತ್ರ ಹೇಳಲು ಆಗದಾಯಿತು. ಸಂಜೆ ಎಲ್ಲರ ಜೊತೆ ಶುರು ಮಾಡುವಳು, ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಎನ್ನುವ ಮಾತು ಬಂದೊಡನೆ ನಾಲಿಗೆ ನಿಂತುಬಿಡುವುದು. ತಾಯಿಯ ಮಡಿಲಲ್ಲಿ ಕಲಿತ ಮಂತ್ರವೂ ಕೈಬಿಟ್ಟಿತಲ್ಲ ಎಂದು ಅವಳು ಒಳಗೊಳಗೇ ಕೊರಗಿದಳು. ಜಪ ಹೇಳಿಸುತ್ತಿದ್ದ ಉಪದೇಶಿ ಚೌರಪ್ಪನವರು ಇದನ್ನು ಗಮನಿಸಿ, ಸಂದ್ಯಾಗಪ್ಪನಿಗಾಗಿ ಪ್ರಾರ್ಥನೆ ಮಾಡು ಎಂದರು.

‘ಮಾಡ್ತಾನೇ ಇದೀನಲ್ಲ ಸ್ವಾಮಿ, ಅವನಿಗೆ ಬುದ್ಧಿ ಕೊಡಪ್ಪಾ ಅಂತ’ ಎಂದಳು ಮದ್ದಲೇನಮ್ಮ.

‘ಅದು ಪ್ರಾರ್ಥನೆ ಅಲ್ಲ ಕಣಮ್ಮ, ದೂರು. ಅವನಿಗೆ ಏನು ಬೇಕೋ ಅದನ್ನ ಕೇಳು.’

ಅವನಿಗೆ ಏನು ಬೇಕೆಂದು ಇವಳಿಗೆ ಹೇಗೆ ಗೊತ್ತಾಗಬೇಕು? ನೇರ ಮನಸ್ಸಿನ ಹೆಂಗಸು, ಹೋಗಿ ಅವನನ್ನೇ ಕೇಳಿದಳು ಎನ್ನುತ್ತಾರೆ. ಮೊದಲ ಸಲ ಅವನು ನಾಯಿ ಛೂ ಬಿಟ್ಟ. ಇನ್ನೊಂದು ಸಲ ಬೈದ. ಇವಳೂ ಬೈದೇ ಬಂದಳು, ಸುಳ್ಳೇಕೆ ಹೇಳಲಿ. ಸುಗ್ಗಿ ಮುಗಿದ ಮೇಲೆ ಅವನು ಕೆಮ್ಮು ಹತ್ತಿ ಜಗಲಿ ಹಿಡಿದಾಗ ಮತ್ತೆ ಹೋದಳು.

‘ಸಂದ್ಯಾಗಣ್ಣ, ನಂಗೆ ನಿನ್ನ ಮೇಲೆ ಪ್ರೀತಿ ಇಲ್ಲ. ಉಪದೇಶಿಗಳು ಹೇಳವ್ರೆ ಅಂತ ಬಂದೆ. ದೇವರ ಹತ್ರ ನಿನಗೇನು ಕೇಳಲಿ ಹೇಳು.’

ಅವನು ಗೋಡೆಯ ಕಡೆ ಹೊರಳಿ, ‘ನಾನು ಸತ್ತಾಗ ಹೊರೋಕೆ ನಾಕು ಜನ ಬರಲಿ ಅಂತ ಕೇಳಮ್ಮಿ’ ಎಂದ.

ಮನೆಗೆ ಬಂದು ಅವಳು ಸಿಟ್ಟಿನಿಂದ ಅತ್ತಳು. ತನ್ನ ಗಂಡನ ಹೆಣಕ್ಕೆ ದಾರಿ ಬಿಡದವನು ಕೇಳಿದ್ದು ಇದನ್ನೇ! ಆದರೂ ಏನು ಬೇಕೆಂದು ಹೋಗಿ ಕೇಳಿದವಳು ತಾನೇ, ಆದ್ದರಿಂದ ದಿನಾ ಹಲ್ಲು ಕಚ್ಚಿಕೊಂಡು ದೇವರಲ್ಲಿ ಬೇಡಿದಳು. ಅವನು ಮಾತ್ರ ಬೇಲಿ ತೆಗೆಯಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಸಂದ್ಯಾಗಪ್ಪ ಸತ್ತ. ಊರ ಗಂಡಸರು ಅಂಗಳದಾಚೆ ಬೇವಿನ ಮರದ ಕೆಳಗೆ ನಿಂತರು, ಒಬ್ಬರೂ ಹತ್ತಿರ ಬರಲಿಲ್ಲ. ಉಪದೇಶಿಗಳೊಬ್ಬರೇ ಚಟ್ಟದ ಪಕ್ಕ ನಿಂತಿದ್ದರು. ಮದ್ದಲೇನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಮುಂದಿನ ಬಿದಿರಿಗೆ ಕೈ ಹಾಕಿದಳು. ಹೆಂಗಸರು ಚಟ್ಟ ಹೊರುವ ರೂಢಿ ಆಗ ಇರಲಿಲ್ಲ. ‘ನಾಕು ಜನರನ್ನ ಕಳಿಸಪ್ಪಾ ಅಂತ ದಿನಾ ಬೇಡಿದೀನಿ. ಉಪದೇಶಿಗಳೊಬ್ಬರು, ನಾನೊಬ್ಬಳು. ಇನ್ನಿಬ್ಬರನ್ನ ದೇವರು ಎಲ್ಲಿಂದ ತರಬೇಕು?’ ಎಂದು ಮರದ ಕಡೆ ತಿರುಗಿ ಕೇಳಿದಳು. ಅಂದು ಕೆಸರಿನಿಂದ ಇನ್ನಾಸಪ್ಪನನ್ನು ಎತ್ತಿದ್ದವರಲ್ಲೇ ಇಬ್ಬರು ತಲೆ ತಗ್ಗಿಸಿಕೊಂಡು ಬಂದರು. ಬೇಲಿ ಕಿತ್ತು ನೆಟ್ಟಗೆ ನಡೆದರು. ಏರು ಮುಗಿಯುವಲ್ಲಿ ಅವಳ ಕಾಲು ಸೋತು, ಚಟ್ಟವನ್ನು ಈ ಬಂಡೆಯ ಮೇಲೆ ಇಳಿಸಿದರು. ಬಿದಿರು ಒತ್ತಿ ಅವಳ ಹೆಗಲು ಸುಲಿದು ರವಿಕೆ ಕೆಂಪಾಗಿತ್ತು. ಅಲ್ಲೇ ನಿಂತು ಅವಳು ಪರಲೋಕ ಮಂತ್ರವನ್ನು ಕೊನೆಯವರೆಗೂ ಹೇಳಿದಳು. ಅವನ ಮೇಲೆ ಪ್ರೀತಿ ಬಂದಿತ್ತೋ ಇಲ್ಲವೋ ಅವಳು ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಇಂದಿಗೂ ನಮ್ಮೂರಿನ ಪ್ರತಿ ಚಟ್ಟವನ್ನೂ ಇಲ್ಲಿ ಇಳಿಸುತ್ತಾರೆ. ‘ಇವರ ಜೊತೆ ಮಾತು ಬಿಟ್ಟವರು ಯಾರಾದರೂ ಇದ್ದರೆ ಬನ್ನಿ’ ಎಂದು ಉಪದೇಶಿಗಳು ಒಮ್ಮೆ ಕರೆಯುತ್ತಾರೆ, ಯಾರ ಹೆಸರನ್ನೂ ಹಿಡಿದು ಕರೆಯುವುದಿಲ್ಲ. ಗಂಡಸಾಗಲಿ ಹೆಂಗಸಾಗಲಿ, ಗುಂಪಿನ ಹಿಂದಿನಿಂದ ಬಂದು ಮುಂದಿನ ಬಿದಿರಿಗೆ ಹೆಗಲು ಕೊಡುತ್ತಾರೆ. ನನ್ನ ಸರದಿ ಬಂದಾಗ ಇಲ್ಲಿ ನೂಕುನುಗ್ಗಲಾಗುತ್ತದೆ ಎಂದು ನಮ್ಮ ಮನೆಯವಳು ಹೇಳುತ್ತಾಳೆ, ಇರಬಹುದು. ಮಾತು ಬಿಟ್ಟವರು ಬರುವವರೆಗೆ ಚಟ್ಟ ಎತ್ತುವುದಿಲ್ಲ, ಮಳೆ ಬಂದರೂ ಊರು ಕಾಯುತ್ತದೆ. ನೀವು ಈ ದಾರಿಯಲ್ಲಿ ಬಂದಾಗ ಜನರೆಲ್ಲ ಮಳೆಯಲ್ಲಿ ನೆನೆಯುತ್ತಾ ಸುಮ್ಮನೆ ನಿಂತಿರುವುದು ಕಂಡರೆ ಏನಾಯಿತೆಂದು ಕೇಳಬೇಡಿ. ಬರಬೇಕಾದವರು ಇನ್ನೂ ಬಂದಿಲ್ಲ, ಅಷ್ಟೇ.