ಎಂಜಿನ್ ಮನೆಯ ಬಾಗಿಲು

ಜನವರಿ ಹನ್ನೊಂದು. ಬೆಳಿಗ್ಗೆ ಮಂಜು, ಒಣ ಚಳಿ, ಗಾಳಿಯಿಲ್ಲ.

ಹೊಳೆದಂಡೆಯ ಆಶ್ರಮದಿಂದಲೇ ಊರಿಗೆ ನೀರು ಹೋಗುತ್ತಿತ್ತು. ನೀರೆತ್ತಲು ಹಳೆಯ ಲಾರಿಗಳಿಂದ ಕಳಚಿ ತಂದ ಮೂರು ಎಂಜಿನ್‌ಗಳಿದ್ದವು. ಒಂದು ಡೀಸೆಲ್‌ನದು, ಒಂದು ಹೊಂಗೆ ಎಣ್ಣೆಯದು, ಒಂದು ಗೋಬರ್ ಗ್ಯಾಸಿನದು. ಅವುಗಳ ಮೋಟು ಕೊಳವೆಗಳು ಎಂಜಿನ್ ಮನೆಯೊಳಗೇ ಹೊಗೆ ಉಗುಳುತ್ತಿದ್ದವು. ಹಾಗಾಗಿ ಬಾಗಿಲು ಸದಾ ತೆರೆದಿರುತ್ತಿತ್ತು.

"ಮೂರರಲ್ಲಿ ಯಾವುದನ್ನು ಉಳಿಸಿಕೊಳ್ಳುವುದು? ನೋಡಿ ಹೇಳು," ಎಂದರು ಗುರುಗಳು.

ಶಿಷ್ಯ ಮರುಳಸಿದ್ದ ಮೂರೂ ಕೊಳವೆಗಳಿಗೆ ಒದ್ದೆ ಬಿಳಿ ಬಟ್ಟೆ ಹಿಡಿದ. ತಂದು ಗುರುಗಳ ಮುಂದೆ ಹರಡಿದ.

"ಡೀಸೆಲ್‌ನದು ಬಾಣಲೆಯ ತಳ, ಬುದ್ಧಿ. ಹೊಂಗೆಯದು ಕಂದು, ಕಣ್ಣು ಬೇರೆ ಉರಿಯುತ್ತದೆ. ಗ್ಯಾಸಿನದು ನೋಡಿ, ಮಲ್ಲಿಗೆ!"

"ಹೂಂ."

"ನಾಳೆಯಿಂದ ಅದರ ಪಕ್ಕದಲ್ಲೇ ಜಪಕ್ಕೆ ಕೂರುತ್ತೇನೆ. ಬಾಗಿಲು ಹಾಕಿಕೊಂಡರೆ ಒಳಗೆ ಬೆಚ್ಚಗಿರುತ್ತದೆ."

ಗುರುಗಳು ಎದ್ದರು. ಹಾರೆ ತಂದು ಎಂಜಿನ್ ಮನೆಯ ಬಾಗಿಲನ್ನು ಮೀಟಿ ಕಿತ್ತರು. ಎಳೆದೊಯ್ದು ಹೊಳೆಗೆ ತಳ್ಳಿದರು.

"ಬುದ್ಧಿ! ತೇಗದ ಬಾಗಿಲು!"

"ಹೊಗೆ ಬಂದರೆ ಏನು ಮಾಡುತ್ತೀ?"

"ಕೆಮ್ಮುತ್ತೇನೆ. ಹೊರಗೆ ಓಡುತ್ತೇನೆ."

"ಈ ಗ್ಯಾಸಿನ ವಿಷ ಕಾಣುವುದಿಲ್ಲ. ಕೆಮ್ಮು ಬರುವುದಿಲ್ಲ. ನಿದ್ದೆ ಬರುತ್ತದೆ."

ಮರುಳಸಿದ್ದನ ಮುಖ ಬಾಡಿತು.

"ಹಾಗಾದರೆ ಡೀಸೆಲ್ಲೇ ಇರಲಿ."

"ಅದು ವರ್ಷಗಟ್ಟಲೆ ಎದೆಯಲ್ಲಿ ಕೂತು ಕೊಲ್ಲುತ್ತದೆ."

"ಹೊಂಗೆ?"

"ಅದಕ್ಕೂ ಎದೆಯೇ ಬೇಕು."

"ಮೂರನ್ನೂ ನಿಲ್ಲಿಸಿಬಿಡೋಣ."

"ಊರಿಗೆ ನೀರು?"

ಶಿಷ್ಯ ಬಟ್ಟೆಗಳನ್ನು ಮಡಚತೊಡಗಿದ.

"ಗ್ಯಾಸಿನದನ್ನೇ ಓಡಿಸು," ಎಂದರು ಗುರುಗಳು. "ಹೊರಗೆ ಕೂರು. ನಡುಗು."

ಇಬ್ಬರೂ ದಂಡೆಯ ಮೇಲೆ ಕುಳಿತರು. ಮಂಜು ಕರಗಿರಲಿಲ್ಲ. ಮರುಳಸಿದ್ದನ ಹಲ್ಲು ಕಟಕಟ ಎನ್ನುತ್ತಿತ್ತು.

"ಕಾವಿ ಉಡುವ ಮೊದಲು ನೀವೂ ಎಂಜಿನ್ ನಡೆಸುತ್ತಿದ್ದಿರಂತೆ. ಈ ಪಾಠ ಹೇಳಿಕೊಟ್ಟ ಗುರು ಯಾರು, ಬುದ್ಧಿ?"

"ಇಂಥದೇ ಒಂದು ಗ್ಯಾಸ್ ಎಂಜಿನ್."

ಶಿಷ್ಯನಿಗೆ ನಗು ಬಂತು.

"ಅದಕ್ಕೆ ಗುರುದಕ್ಷಿಣೆ ಏನು ಕೊಟ್ಟಿರಿ?"

ಗುರುಗಳು ನೀರಿನ ಕಡೆ ತಿರುಗಿದರು.

"ಆಗ ನನ್ನ ಹೆಂಡತಿ ಹಸಿ ಬಾಣಂತಿ. ಚಳಿಯಾಗಬಾರದೆಂದು ಅವಳ ತಾಯಿ ಎಂಜಿನ್ ಮನೆಯಲ್ಲೇ ಹಾಸಿಕೊಟ್ಟು ಬಾಗಿಲು ಹಾಕಿದರು. ಬೆಳಿಗ್ಗೆ ಅವಳೂ ಏಳಲಿಲ್ಲ, ಕೂಸೂ ಅಳಲಿಲ್ಲ."