ವ್ಯಾಪಾರಿ ಹಿಡಿದ ವ್ರತ

"ಗುರುಗಳೇ, ನಮ್ಮವರಿಗೆ ನಮ್ಮಿಂದಲೇ ಕೇಡಾಗುವಂತಿದ್ದರೆ ಅವರಿಂದ ದೂರ ಇದ್ದುಬಿಡುವುದು ಧರ್ಮವಲ್ಲವೇ?" ಎಂದು ಪಂಚಾಕ್ಷರಿ ಕೇಳಿದ.

"ಏನು ಕೇಡು? ಸುತ್ತಿ ಬಳಸಬೇಡ, ಇದ್ದದ್ದನ್ನು ಹೇಳು" ಎಂದರು ಗುರುಗಳು.

ಪಂಚಾಕ್ಷರಿ ಈಚೆಗೆ ಮಠಕ್ಕೆ ಬಂದು ಸೇರಿದ ಶಿಷ್ಯ. ಊರಿನಲ್ಲಿ ಅವನಿಗೆ ಹೆಂಡತಿ ಇದ್ದಳು, ಚಿಕ್ಕ ಮಗನಿದ್ದ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಹೊರಗಿನ ಸಹವಾಸದಿಂದ ಅವನಿಗೆ ಗುಹ್ಯರೋಗ ಅಂಟಿತ್ತು. ತಿಳಿಯುವವರೆಗೆ ಮನೆಯಲ್ಲಿ ಎಂದಿನಂತೆಯೇ ಇದ್ದ. ತಿಳಿದ ದಿನವೇ ಕಾರಣ ಹೇಳದೆ ಮನೆ ಬಿಟ್ಟು ಬಂದಿದ್ದ. ಹೆಂಡತಿಗೂ ಮಗುವಿಗೂ ಅದು ದಾಟಬಾರದು ಎಂಬುದೊಂದೇ ಅವನ ಚಿಂತೆ.

ಗುರುಗಳು ಬಯ್ಯಲಿಲ್ಲ. ತನ್ನನ್ನು ತಾನೇ ಅವನು ಸಾಕಷ್ಟು ಬೈದುಕೊಂಡಿದ್ದಾನೆ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಹುಣಸೆಹಣ್ಣಿನ ವ್ಯಾಪಾರಿ. ಹಣ್ಣಿನ ಕಾಲದಲ್ಲಿ ಗಾಡಿ ಕಟ್ಟಿಕೊಂಡು ದೂರದೂರದ ಸಂತೆಗಳಿಗೆ ಹೋಗುತ್ತಿದ್ದ. ಒಂದು ಸಲ ಹೋದ ಊರಿನಲ್ಲಿ ಬೇರೊಬ್ಬಳ ಸಂಗ ಮಾಡಿದ. ಮನೆಗೆ ಬಂದು ಏನೂ ಆಗದವನಂತೆ ಹೆಂಡತಿಯೊಡನೆ ಸಂಸಾರ ಮಾಡಿದ. ಮತ್ತೆ ವ್ಯಾಪಾರಕ್ಕೆ ಹೊರಟಾಗ ದಾರಿಯಲ್ಲಿ ಉರಿಮೂತ್ರ ಶುರುವಾಯಿತು. ಹೆದರಿ ಒಬ್ಬ ವೈದ್ಯನ ಬಾಗಿಲು ತಟ್ಟಿದ.

ವೈದ್ಯ ನೋಡಿ ಔಷಧಿ ಕೊಟ್ಟ. "ಇದು ಹಾಸಿಗೆಯಲ್ಲಿ ಅಂಟುವ ರೋಗ. ಗುಣವಾಗುವ ತನಕ ಹೆಂಡತಿಯ ಜೊತೆ ಮಲಗಬೇಡ. ಅವಳಿಗೂ ಆಗಲೇ ಅಂಟಿರಬಹುದು, ವಿಷಯ ಹೇಳಿ ಕರೆದುಕೊಂಡು ಬಾ. ಜೊತೆಯಲ್ಲಿ ಕೂತು ಉಣ್ಣು, ಮಗುವನ್ನು ಎತ್ತಿಕೋ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ" ಎಂದ.

ವ್ಯಾಪಾರಿ ಎಲ್ಲಕ್ಕೂ ತಲೆಯಾಡಿಸಿದ. ಊರಿಗೆ ಬಂದು ಮೊದಲನೆಯ ಮಾತನ್ನು ಪಾಲಿಸಿದ. ಎರಡನೆಯದು ಬಾಯಿಂದ ಹೊರಡಲಿಲ್ಲ. ಮೂರನೆಯದನ್ನು ಅವನು ನಂಬಲೇ ಇಲ್ಲ.

ಚಿಕ್ಕಂದಿನಿಂದ ಅವನಿಗೆ ಗೊತ್ತಿದ್ದದ್ದು ಮೈಲಿಗೆ. ಈ ರೋಗವನ್ನೂ ಅದೇ ಸಾಲಿಗೆ ಸೇರಿಸಿದ. ಗಂಡ ಉಂಡ ಎಲೆಯಲ್ಲಿ ಹೆಂಡತಿ ಉಣ್ಣುವುದು ಆ ಮನೆಯ ರೂಢಿ. ಅವನು ಉಂಡ ಎಲೆಯನ್ನು ತಾನೇ ಮಡಿಚಿ ತಿಪ್ಪೆಗೆ ಎಸೆದು ಬಂದ. ನೀರು ಕುಡಿಯಲು ಬೇರೆ ಚೊಂಬು ಇಟ್ಟುಕೊಂಡ. ಬೆಳಿಗ್ಗೆ ಸಂಜೆ ತಲೆಗೆ ನೀರು ಹುಯ್ದುಕೊಂಡ. ಮಗಳು ತೊಡೆಯೇರಲು ಬಂದರೆ ಎದ್ದು ನಿಂತ. ಜಗುಲಿಯ ಮೇಲೆ ಮಲಗಿದ. ಯಾರೂ ಕೇಳುವ ಮೊದಲೇ "ವ್ರತ ಹಿಡಿದಿದ್ದೀನಿ" ಎಂದು ಹೇಳಿಬಿಟ್ಟ. ಆ ವ್ರತದ ಸಂಗತಿ ದೇವರಿಗೂ ಗೊತ್ತಿರಲಿಲ್ಲ.

ಹೆಂಡತಿ ಏನೂ ಕೇಳಲಿಲ್ಲ. ಬದುಕಿದೆಯಾ ಬಡಜೀವವೇ ಎನ್ನಿಸಿತು ವ್ಯಾಪಾರಿಗೆ. ಒಳಗೊಳಗೇ ಬೇಸರವೂ ಆಯಿತು. ಇಷ್ಟು ದೂರವಿದ್ದರೂ ಯಾಕೆಂದು ಒಂದು ಮಾತು ಕೇಳಬಾರದೇ? ಅವಳು ಮಗಳನ್ನೂ ತನ್ನ ಪಕ್ಕದಿಂದ ಎಬ್ಬಿಸಿ ಅಜ್ಜಿಯ ಬಳಿ ಮಲಗಿಸತೊಡಗಿದಳು. ಸಿಟ್ಟಿರಬೇಕು ಎಂದುಕೊಂಡು ಸುಮ್ಮನಾದ.

ಎಲೆ ಎಸೆದದ್ದು ಅವನ ತಾಯಿಯ ಕಣ್ಣಿಗೆ ಬಿತ್ತು. ಗಂಡ ಉಂಡ ಎಲೆಯನ್ನು ಹೆಂಡತಿಗೆ ಬಿಡದಿದ್ದರೆ ಅವಳಲ್ಲೇ ಏನೋ ಐಬಿದೆ ಎಂದು ಆ ಊರಿನವರು ತಿಳಿದಿದ್ದರು. ಆಕೆ ಸೊಸೆಯನ್ನು ಅನುಮಾನದಿಂದ ನೋಡತೊಡಗಿದಳು, ನೆರೆಯವರೂ ನೋಡಿದರು. ಮಗನನ್ನು ಯಾರೂ ಏನೂ ಕೇಳಲಿಲ್ಲ. ಅವನೂ ತುಟಿ ಬಿಚ್ಚಲಿಲ್ಲ. ಕದ್ದು ಔಷಧಿ ಕುಡಿಯುತ್ತಾ ತಾನೊಬ್ಬ ಗುಣವಾಗುತ್ತಾ ಬಂದ. ಹೆಂಡತಿ ಮಕ್ಕಳಿಗಾಗಿ ಇಷ್ಟೆಲ್ಲ ಕಷ್ಟಪಡುತ್ತಿದ್ದೇನಲ್ಲ ಎಂದು ತನ್ನ ಬಗ್ಗೆ ತಾನೇ ಮರುಕಪಟ್ಟುಕೊಂಡ.

ಒಂದು ಬೆಳಿಗ್ಗೆ ಹೆಂಡತಿ ಹುಣಸೆಬೀಜ ಬಿಡಿಸುತ್ತಾ ಕುಳಿತಲ್ಲೇ ಹೊಟ್ಟೆ ಹಿಡಿದುಕೊಂಡು ಉರುಳಿಬಿದ್ದಳು. ಮೈ ಸುಡುತ್ತಿತ್ತು. ಅವನು ಎತ್ತಲು ಹೋದರೆ "ಮುಟ್ಟಬೇಡಿ" ಎಂದು ಹಿಂದಕ್ಕೆ ಸರಿದಳು.

"ಯಾಕೆ?"

"ನನಗೇನೋ ಕೆಟ್ಟ ಕಾಯಿಲೆ ಬಂದಿದೆ. ಎಷ್ಟೋ ದಿನದಿಂದ ಬಚ್ಚಿಟ್ಟುಕೊಂಡಿದ್ದೀನಿ. ನಾನು ಯಾವ ತಪ್ಪೂ ಮಾಡಿಲ್ಲ ಅಂದರೆ ನೀವು ನಂಬ್ತೀರೋ ಇಲ್ಲವೋ. ನಿಮಗೂ ಮಗೂಗೂ ಅಂಟಬಾರದು ಅಂತ ದೂರ ಇದ್ದೆ. ನೀವು ವ್ರತ ಹಿಡಿದದ್ದೇ ದೇವರು ಮಾಡಿದ ಉಪಕಾರ ಅಂದ್ಕೊಂಡೆ."

ವ್ಯಾಪಾರಿ ಅವಳನ್ನು ಎತ್ತಿ ಗಾಡಿಯಲ್ಲಿ ಮಲಗಿಸಿ, ವೈದ್ಯನ ಊರಿನ ದಾರಿ ಹಿಡಿದ. ದಾರಿಯಲ್ಲಿ ಎಲ್ಲವನ್ನೂ ಹೇಳಿದ. ಹೇಳಿ, ಅವಳು ಬೈಯಲಿ ಎಂದು ಕಾದ.

"ಹಾಗಾದರೆ ಇದು ನನ್ನಿಂದ ಆದದ್ದಲ್ವಾ?" ಎಂದಳು ಅವಳು. ಅಷ್ಟು ಕೇಳಿ ಗೋಳೋ ಎಂದು ಅತ್ತಳು. ತನ್ನದಲ್ಲದ ತಪ್ಪನ್ನು ಆ ಬಡಪಾಯಿ ಅಷ್ಟು ದಿನ ಹೊತ್ತಿದ್ದಳು. ಸಿಟ್ಟು ಆಮೇಲೆ ಬಂತು, ಬರಲೇಬೇಕಿತ್ತು. ಬಹಳ ಕಾಲ ಅವನೊಡನೆ ಮಾತು ಬಿಟ್ಟಳು.

ವೈದ್ಯ ಅವಳ ಜೀವ ಉಳಿಸಿದ. ಆದರೆ ರೋಗ ಗರ್ಭಕೋಶಕ್ಕೆ ಏರಿತ್ತು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. "ಹೇಳಿದಾಗಲೇ ಕರೆತಂದಿದ್ದರೆ ನಿನಗೆ ಕೊಟ್ಟ ಔಷಧಿಯಲ್ಲೇ ಇವಳಿಗೂ ವಾಸಿಯಾಗುತ್ತಿತ್ತು" ಎಂದ ವೈದ್ಯ.

ಗುರುಗಳು ಕತೆ ಮುಗಿಸಿದರು. ಪಂಚಾಕ್ಷರಿಯ ಕಣ್ಣು ಒದ್ದೆಯಾಗಿತ್ತು.

"ಪಾಪ, ಆ ಹೆಣ್ಣುಮಗಳು" ಎಂದ. "ವ್ಯಾಪಾರಿ ಮನೆಯಲ್ಲೇ ಇದ್ದುಕೊಂಡು ನಾಟಕ ಆಡಿದ, ಅದು ತಪ್ಪು. ನಾನು ಹಾಗೆ ಮಾಡಿಲ್ಲ ಗುರುಗಳೇ. ಎಲ್ಲ ಬಿಟ್ಟು ಇಷ್ಟು ದೂರ ಬಂದಿದ್ದೇನೆ. ಡಾಕ್ಟರು ಕೊಟ್ಟ ಮಾತ್ರೆ ಒಂದು ಹೊತ್ತೂ ತಪ್ಪಿಸಿಲ್ಲ. ನನ್ನಿಂದ ಇನ್ನು ಅವಳಿಗೆ ಏನೂ ಆಗುವುದಿಲ್ಲ."

ಗುರುಗಳು ಅವನ ಮುಖವನ್ನೇ ನೋಡುತ್ತಾ ಕೇಳಿದರು: "ಅವಳಿಗೆ ಮಾತ್ರೆ ಯಾರು ಕೊಡುತ್ತಿದ್ದಾರೆ?"